ಮೂರು ಮುಷ್ಟಿ

‘ಎಡಗೈ ಸರಿ ಮಾಡಿ. ಬೆರಳು ಬಿಚ್ಚಿಕೊಂಡಿವೆ, ಮುಷ್ಟಿ ಬೇಕು’ ಎಂದು ಮೇಡಂ ಅವನ ಬೆನ್ನ ಹಿಂದಿನಿಂದ ಹೇಳಿ, ತೆರೆಯ ಮೇಲಿದ್ದ ಆ ಕೈಗೆ ಕೆಂಪು ಸುತ್ತು ಹಾಕಿ, ಪಕ್ಕದ ಕುರ್ಚಿಯವನ ಕಡೆ ತಿರುಗಿದಾಗ ಅವನಿಗೆ ಮೊದಲು ಆದದ್ದು ಭಯವಲ್ಲ, ಸಮಾಧಾನ. ಯಾರೋ ಹೇಳಿದ್ದಾರೆ, ಇನ್ನು ತಾನು ಮಾಡಿದರಾಯಿತು. ಬೆಳಗಿನಿಂದ ಆ ಕೈಯನ್ನು ನೋಡಿಯೂ ನೋಡದವನಂತೆ ಸಿನಿಮಾದಲ್ಲಿ ಜಿಗಿಯುವವರನ್ನು ಎತ್ತಿಹಿಡಿದ ತಂತಿ ಅಳಿಸುತ್ತ ಕೂತಿದ್ದ. ಪಕ್ಕದ ಆಕಾಶದಿಂದ ಒಂದಿಷ್ಟು ಬಣ್ಣ ತೆಗೆದು ತಂತಿಯ ಮೇಲೆ ಬಳಿಯುವುದು, ಮುಂದಿನ ಚಿತ್ರಕ್ಕೆ ಹೋಗುವುದು, ಮತ್ತೆ ಬಳಿಯುವುದು. ಅವನ ಕಸುಬೇ ಅದು. ಹಗಲಲ್ಲೂ ಪರದೆ ಎಳೆದಿರುವ ಆ ಕೋಣೆಯಲ್ಲಿ ಸಾಲಾಗಿ ಕೂತವರೆಲ್ಲ ಏನನ್ನಾದರೂ ಅಳಿಸುವವರೇ. ಒಬ್ಬ ಹಗ್ಗ ಅಳಿಸಿದರೆ ಇನ್ನೊಬ್ಬ ನೆರಳು, ಮತ್ತೊಬ್ಬ ಜಿಗಿದವರ ಮುಖ. ಸಿನಿಮಾದಲ್ಲಿ ಜಿಗಿಯುವವರು ಬೇರೆ, ಮುಖವಿರುವವರು ಬೇರೆ. ಇವರಿಬ್ಬರನ್ನೂ ಹೊಲಿದು ಒಬ್ಬರನ್ನಾಗಿ ಮಾಡಿ, ಹೊಲಿಗೆ ಕಾಣದ ಹಾಗೆ ಮಾಡುವವನು ಜಾಣ. ಅವನು ಜಾಣನೆಂದು ಆ ಕೋಣೆಯಲ್ಲಿ ಹೆಸರಾಗಿತ್ತು.

ಮೂವರು ಕೆಟ್ಟ ಹೆಂಗಸರ ಸಿನಿಮಾ ಅದು. ಬೂದಿ ಎಂಬವಳು ಮುಟ್ಟಿದ್ದೆಲ್ಲ ಸುಟ್ಟುಹೋಗುತ್ತದೆ, ನಂಜಿ ಉಸಿರು ಬಿಟ್ಟರೆ ಎದುರಿಗಿದ್ದವರು ಉರುಳುತ್ತಾರೆ, ಕತ್ತರಿಗೆ ಮೈಯೆಲ್ಲ ಅಲಗು. ಮೂವರೂ ಕೊಲೆ ಮಾಡಿದವರು, ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದು. ಕೊನೆಗೆ ತಮ್ಮನ್ನು ನೇಣಿಗೆ ಹಾಕಲು ಹೊರಟ ಊರನ್ನೇ ಉಳಿಸುವುದಕ್ಕೆಂದು ಒಂದಾಗಿ, ಗೋಪುರದ ತುದಿಯಿಂದ ಎಡಗೈ ಮುಷ್ಟಿ ಕಟ್ಟಿ ಒಟ್ಟಿಗೆ ಹಾರುತ್ತಾರೆ. ಆ ಮೂರು ಮುಷ್ಟಿಯ ಚಿತ್ರ ಬಸ್ಸಿನ ಬೆನ್ನ ಮೇಲೂ ಹುಡುಗಿಯರ ಅಂಗಿಯ ಮೇಲೂ ಆಗಲೇ ಬಂದಿತ್ತು. ‘ಒಳ್ಳೇ ಹೆಂಗಸ್ರು ಊರು ಉಳಿಸಿದ್ರೆ ಯಾರಪ್ಪ ಟಿಕೆಟ್ ತಗೋತಾರೆ? ಕೆಟ್ಟವಳು ಒಂದೇ ಒಂದ್ಸಲ ಒಳ್ಳೇದು ಮಾಡ್ಬೇಕು, ಆಗ ನೋಡು ಮಜಾ’ ಎಂದು ಪಕ್ಕದ ಕುರ್ಚಿಯವನು ಚಹಾ ಹೀರುತ್ತ ಹೇಳುತ್ತಿದ್ದ. ‘ಆದ್ರೂ ಈ ಬೂದಿ ಬೀಳೋದು ನೋಡು, ಏನ್ ಬೀಳ್ತಾಳೆ! ಮಿಕ್ಕಿಬ್ರು ಹಕ್ಕಿ ತರ ಇಳೀತಾರೆ, ಇವಳು ಮೂಟೆ ತರ. ನಿಜಕ್ಕೂ ಬಿದ್ದ ಹಾಗಿದೆ.’ ಹೌದು ಎಂದು ಅವನು ನಕ್ಕ. ನಿಜಕ್ಕೂ ಬಿದ್ದದ್ದೇ. ನಿರ್ದೇಶಕನಿಗೆ ಆ ಬೀಳುವಿಕೆ ಬಹಳ ಹಿಡಿಸಿ, ಮತ್ತೆ ತೆಗೆಯುವುದು ಬೇಡ, ಇದೇ ಇರಲಿ ಎಂದಿದ್ದನಂತೆ. ಬೂದಿಯ ವೇಷ ತೊಟ್ಟು ಬಿದ್ದವಳು ಅವನ ಹೆಂಡತಿ.

ಇದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಯಾರೋ ಕೇಳಿದಾಗ, ವ್ಯಾಯಾಮ ಹೇಳಿಕೊಡುತ್ತಾಳೆ ಎಂದುಬಿಟ್ಟಿದ್ದ. ಹೆಂಡತಿ ಗೋಡೆ ಹಾರುತ್ತಾಳೆ, ಉರಿಯುವ ಕಾರಿನಿಂದ ಉರುಳುತ್ತಾಳೆ ಎಂದರೆ ಎದುರಿನವರ ಕಣ್ಣು ಮೊದಲು ತನ್ನ ತೋಳಿನ ಮೇಲೆ, ಆಮೇಲೆ ಹೊಟ್ಟೆಯ ಮೇಲೆ ಓಡಾಡುವುದನ್ನು ಅವನು ಎರಡು ಮೂರು ಕಡೆ ಅನುಭವಿಸಿದ್ದ. ಅವಳು ಬಿದ್ದಾಗ ಬಚ್ಚಲಲ್ಲಿ ಜಾರಿದಳು ಎಂದು ಹೇಳಿ ರಜೆ ತೆಗೆದುಕೊಂಡಿದ್ದ. ‘ಅಯ್ಯೋ, ಬಚ್ಚಲಲ್ಲಾ?’ ಎಂದು ಮೇಡಂ ಮರುಗಿ, ಕಾಲು ಜಾರದ ಹಾಗೆ ಹಾಕುವ ರಬ್ಬರು ಹಾಸು ಒಂದನ್ನು ಕೊಡಿಸಿದ್ದರು. ಅದನ್ನು ಮನೆಗೆ ಒಯ್ಯಲಾಗದೆ ದಾರಿಯಲ್ಲಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಬಂದಿದ್ದ. ಈ ಚಿತ್ರಿಕೆ, ಅವಳು ಬೀಳುವ ಶಾಟ್, ತನ್ನ ಪಾಲಿಗೆ ಬಂದಾಗಲೂ ಬೇರೆಯವರಿಗೆ ಕೊಡಿ ಎನ್ನಬಹುದಿತ್ತು, ಅನ್ನಲಿಲ್ಲ. ಕುರ್ಚಿಯಲ್ಲಿ ಕೂತು ಸಿಟ್ಟು, ನಗು, ಕೂಗು ಎಂದು ಬಗೆಬಗೆಯಾಗಿ ಮುಖ ಮಾಡಿ ಹೋಗಿದ್ದ ನಟಿಯ ಚಿತ್ರಗಳಿಂದ ಒಂದು ಕೂಗನ್ನು ಆರಿಸಿ, ಹೆಂಡತಿಯ ಮುಖದ ಮೇಲೆ ಅಂಟಿಸಿದ. ಗಲ್ಲದ ಕೆಳಗಿನ ಹಳೆಯ ಗಾಯದ ಗೆರೆ ಕೊನೆಯವರೆಗೂ ಹೋಗದೆ ಸತಾಯಿಸಿತು. ಅದು ಹೋದಾಗ ಅವನಿಗೆ ಖುಷಿಯೇ ಆಯಿತು. ಕೆಲಸ ಚೆನ್ನಾಗಿ ಆದಾಗ ಆಗುವಂಥದ್ದೇ ಖುಷಿ, ಬೇರೇನಲ್ಲ ಎಂದುಕೊಂಡ. ಆದರೆ ಬೇರೇನೋ ಇತ್ತು. ಒಂದು ಗುಂಡಿ ಒತ್ತಿದರೆ ಅವಳು ಗೋಪುರದ ತುದಿಗೆ ಹೋಗುತ್ತಿದ್ದಳು, ಇನ್ನೊಂದು ಒತ್ತಿದರೆ ಬೀಳುತ್ತಿದ್ದಳು. ತಾನು ಹೇಳಿದ ಹಾಗೆ ಅವಳು ಯಾವತ್ತೂ ಕೇಳಿದವಳಲ್ಲ.

ಈಗ ಉಳಿದದ್ದು ಕೈ. ಹಗ್ಗದಲ್ಲಿ ಜಿಗಿಯುವವರಿಗೆ ಮಾತಿಲ್ಲ. ಹಗ್ಗ ಸರಿಯಿಲ್ಲ ಅನಿಸಿದರೆ ಎಡಗೈಯ ಐದೂ ಬೆರಳು ಬಿಚ್ಚಿ ತೋರಿಸಬೇಕು. ಕೆಳಗಿರುವ ಹಗ್ಗದವನು ಆ ಕೈಯಿಂದ ಕಣ್ಣು ಕೀಳಬಾರದು. ಬೆರಳು ಬಿಚ್ಚಿದ್ದು ಕಂಡ ಕೂಡಲೇ ಹಗ್ಗ ಬಿಗಿಯಬೇಕು. ಅವಳ ಹಗ್ಗದವನಿಗೆ ವಯಸ್ಸಾಗಿತ್ತು, ಜಿಗಿಯುವವರೆಲ್ಲ ಅವನನ್ನು ಮಾವ ಎನ್ನುತ್ತಿದ್ದರು. ನಾನು ಕೈ ಬಿಚ್ಚಿದೆ, ಮಾವ ನೋಡಲಿಲ್ಲ ಎಂದಳು ಅವಳು. ನಾನು ಕಣ್ಣು ಕೀಳಲಿಲ್ಲ, ಅವಳು ಬಿಚ್ಚಲಿಲ್ಲ ಎಂದ ಮಾವ. ಸಿನಿಮಾ ಬಿಡುಗಡೆಯಾಗುವವರೆಗೆ ಆ ಜಿಗಿತದ ಚಿತ್ರ ಯಾರಿಗೂ ತೋರಿಸುವ ಹಾಗಿಲ್ಲ ಎಂದರು ಸಿನಿಮಾದವರು. ಜಿಗಿಯುವವರಲ್ಲಿ ಒಂದು ಕಟ್ಟಳೆಯಿದೆ: ಬಿದ್ದವರು ತಮ್ಮ ಬಾಯಾರೆ ‘ಹಗ್ಗ ಹಿಡಿ’ ಎಂದು ಹೇಳುವವರೆಗೆ ಹಗ್ಗದವನು ಮತ್ತೆ ಹಗ್ಗ ಮುಟ್ಟುವಂತಿಲ್ಲ. ಮುಟ್ಟಿದರೂ ಅವನ ಹಗ್ಗಕ್ಕೆ ಯಾರೂ ಜೋತು ಬೀಳುವುದಿಲ್ಲ. ತಪ್ಪು ತಮ್ಮದೇ ಆಗಿದ್ದರೆ ಬಿದ್ದವರು ಪ್ರಜ್ಞೆ ಬಂದ ದಿನವೇ ಹೇಳಿಬಿಡುತ್ತಾರೆ. ಮಾವ ಆಸ್ಪತ್ರೆಗೆ ಬಂದು ಹಾಸಿಗೆಯ ಕಾಲ ಬುಡದಲ್ಲಿ ಟೋಪಿ ಹಿಸುಕುತ್ತ ನಿಂತಾಗ ಅವಳು ಗೋಡೆಯ ಕಡೆ ಕಣ್ಣು ತಿರುಗಿಸಿದ್ದಳು. ತಲೆ ತಿರುಗಿಸಲು ಕೊರಳ ಪಟ್ಟಿ ಬಿಡುತ್ತಿರಲಿಲ್ಲ.

ಅಂದಿನಿಂದ ಅವಳಿಗೆ ಉಳಿದಿರುವುದು ಅದೊಂದೇ. ಸೊಂಟದ ಕೆಳಗೆ ಮೈ ಇಲ್ಲ, ತೋಳು ಇದೆ, ಬೆರಳಿಗೆ ಹಿಡಿತವಿಲ್ಲ. ಲೋಟ ಬೇರೆಯವರು ಹಿಡಿಯಬೇಕು, ಮೂಗು ತುರಿಸಿದರೆ ಬೇರೆಯವರು ಕೆರೆಯಬೇಕು. ಆದರೆ ನಾನು ಕೈ ಬಿಚ್ಚಿದೆ ಎಂಬುದು ಅವಳದ್ದು. ಅದನ್ನು ಅವಳು ದಿನವೂ ಹೊರಗೆ ತೆಗೆದು ಒರೆಸಿ ಒಳಗಿಡುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಬಂದಿದ್ದ ಅವನ ಅಮ್ಮ ‘ಗಂಡಸ್ರು ಮಾಡೋದಕ್ಕೇ ಹೆದರೋ ಕೆಲ್ಸಕ್ಕೆ ಹೋದ್ರೆ ಇನ್ನೇನಾಗತ್ತೆ?’ ಎಂದು ಅವಳ ಮಗ್ಗುಲು ಬದಲಾಯಿಸುವಾಗೆಲ್ಲ ಗೊಣಗಿದರೆ, ‘ಕೆಲ್ಸದಲ್ಲಿ ತಪ್ಪಾಗ್ಲಿಲ್ಲ ಅತ್ತೆ, ನಾನು ಬಿಚ್ಚಿದೆ, ಅವ್ರು ನೋಡ್ಲಿಲ್ಲ’ ಎನ್ನುತ್ತಿದ್ದಳು. ರಾತ್ರಿ ಅವನು ದೀಪ ಆರಿಸಲು ಬಂದಾಗ ಕೇಳುತ್ತಿದ್ದಳು: ‘ಆ ಶಾಟ್ ನಿಮ್ಮ ಆಫೀಸಿಗೆ ಬಂತಾ? ಬಂದ್ರೆ ನೋಡೋ, ನನ್ನಾಣೆ. ಬೇರೇನೂ ಬೇಡ. ನೋಡಿ ನಂಗೊಂದು ಮಾತು ಹೇಳು.’ ಹೇಳುತ್ತೇನೆ ಎಂದಿದ್ದ. ಹೇಳಬೇಕೆಂದೇ ಇದ್ದ. ಚಿತ್ರಿಕೆ ಬಂದ ದಿನವೇ ಕೈಯನ್ನು ನೋಡಿದ್ದ. ಐದು ಬೆರಳೂ ಬಿಚ್ಚಿಕೊಂಡು, ಬೆಳಕಿಗೆ ಹಿಡಿದ ಹಾಗೆ, ಒಂದು ಕ್ಷಣವಲ್ಲ, ಸಾಕಷ್ಟು ಹೊತ್ತು ಇತ್ತು. ಅದನ್ನು ಕುರುಡನೂ ನೋಡುತ್ತಿದ್ದ. ಅಂದು ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅವನ ಬಾಯಲ್ಲಿ ಆ ಮಾತು ಸಿದ್ಧವಾಗಿತ್ತು. ಒಳಗೆ ಅವಳ ಗೆಳತಿಯರಿಬ್ಬರು ಬಂದು ಕೂತಿದ್ದರು; ಅವನು ಬಂದದ್ದು ಕಂಡು ಒಬ್ಬಳು ‘ಓ, ಕೂತವ್ರು ಬಂದ್ರು’ ಎಂದಳು. ಮಲಗಿದಲ್ಲಿಂದಲೇ ಅವಳು ನಕ್ಕಳು. ಅವನು ಚೀಲ ಇಟ್ಟು ಕೈಕಾಲು ತೊಳೆಯಲು ಹೋದ.

ಕೂತವನು ಎಂಬುದು, ಕೂತಲ್ಲೇ ಕೆಲಸ ಮಾಡುವವನೆಂದು, ಜಿಗಿಯುವವರು ಅವನಿಗೆ ಇಟ್ಟ ಹೆಸರು. ಅವಳು ಇಟ್ಟದ್ದಲ್ಲ, ಆದರೆ ಬೇಡವೆಂದೂ ಹೇಳಿರಲಿಲ್ಲ. ಮದುವೆಯಾದ ವರ್ಷ ಅವರ ಅಭ್ಯಾಸದ ಶೆಡ್ಡಿನಲ್ಲಿ ಒಂದು ಊಟವಿತ್ತು. ತಿಂದು ಉಂಡು ಎಲ್ಲರೂ ಉಮೇದಿನಲ್ಲಿದ್ದಾಗ, ಅಳಿಯಂದಿರನ್ನು ಒಂದ್ಸಲ ಮೇಲೆ ಕಳಿಸೋಣ ಎಂದು ಮಾವನೇ ಅವನ ಸೊಂಟಕ್ಕೆ ಪಟ್ಟಿ ಕಟ್ಟಿದ. ‘ಹೆದರ್ಬೇಡಿ. ಸಾಕು ಅನ್ನಿಸಿದ್ರೆ ಎಡಗೈ ಬಿಚ್ಚಿ, ಅಷ್ಟೆ. ಇಳಿಸ್ಬಿಡ್ತೀನಿ.’ ಸೂರಿನವರೆಗೆ ಹೋಗುವ ಮೊದಲೇ ಅವನು ಕೈ ಬಿಚ್ಚಿದ. ಮಾವ ನೋಡಿದ, ನೋಡಿ ಪಕ್ಕದವನಿಗೆ ಕಣ್ಣು ಹೊಡೆದ, ಹಗ್ಗ ಇನ್ನಷ್ಟು ಎಳೆದ. ಅವನು ಕೈ ಮುಚ್ಚಿದ, ಬಿಚ್ಚಿದ, ಎರಡೂ ಕೈ ಬಿಚ್ಚಿದ, ಕೊನೆಗೆ ಕಿರುಚಿದ. ಕೆಳಗೆ ನಗುವೋ ನಗು. ಮೇಲಿನಿಂದ ಅವನಿಗೆ ಎಲ್ಲರ ನೆತ್ತಿ ಕಾಣುತ್ತಿತ್ತು, ಮುಖವೆತ್ತಿ ನೋಡುತ್ತಿದ್ದವಳು ಅವಳೊಬ್ಬಳೇ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇಳಿಸಿದಾಗ ಪ್ಯಾಂಟಿನ ಮುಂಭಾಗ ಒದ್ದೆಯಾಗಿತ್ತು. ಅದನ್ನು ಮೊದಲು ಕಂಡು ತನ್ನ ದುಪ್ಪಟ ಅವನ ಸೊಂಟಕ್ಕೆ ಸುತ್ತಿದವಳೂ ಅವಳೇ, ಮನೆಗೆ ಬಂದು ಅಪ್ಪಿಕೊಂಡು ಕ್ಷಮೆ ಕೇಳಿದವಳೂ ಅವಳೇ. ಕ್ಷಮೆ ಕೇಳುವಾಗಲೂ ಅವಳ ಹೊಟ್ಟೆ ನಗೆಗೆ ಅದುರುತ್ತಿದ್ದುದು ಅವನ ಹೊಟ್ಟೆಗೆ ತಾಗಿತ್ತು. ಅವನು ಕ್ಷಮಿಸಿದೆ ಎಂದ. ಕ್ಷಮಿಸಿರಲಿಲ್ಲ, ಆದರೆ ಅದು ಅವನಿಗೂ ಗೊತ್ತಾದದ್ದು ಈಗ, ಆ ಕೆಂಪು ಸುತ್ತನ್ನು ನೋಡುತ್ತ ಕೂತಾಗ.

ಮುಷ್ಟಿಯನ್ನು ಎಲ್ಲಿಂದ ತರುವುದು? ನಟಿಯ ಕೈ ತೆಳ್ಳಗೆ, ಉಗುರಿಗೆ ಬಣ್ಣ, ತೋಳಿಗೆ ಕೂಡುವುದಿಲ್ಲ. ಹುಡುಕುತ್ತ ಹೋದಾಗ ಅವಳು ಬಿದ್ದ ದಿನವೇ ಬೆಳಿಗ್ಗೆ ಪರೀಕ್ಷೆಗೆಂದು ಹಾರಿದ್ದ ಜಿಗಿತ ಸಿಕ್ಕಿತು. ಅದರಲ್ಲಿ ಹಗ್ಗ ಸರಿಯಿತ್ತು, ಅವಳು ಸರಾಗ ಇಳಿದಿದ್ದಳು, ಎಡಗೈ ಕಲ್ಲಿನಂತೆ ಮುಷ್ಟಿ ಕಟ್ಟಿತ್ತು. ಅದೇ ಕೈ, ಅದೇ ಬಿಸಿಲು. ಮಣಿಕಟ್ಟಿನಿಂದ ಕತ್ತರಿಸಿ ತಂದು, ಬೀಳುತ್ತಿದ್ದವಳ ಮಣಿಕಟ್ಟಿಗೆ ಕೂಡಿಸಿ, ತಿರುವು ಹೊಂದಿಸಿ, ನೆರಳು ಹೊಂದಿಸಿ, ಬಿಚ್ಚಿದ ಬೆರಳಿದ್ದ ಕಡೆ ಆಕಾಶ ಬಳಿಯುತ್ತ ಬಂದ. ಒಂದು ಚಿತ್ರದಲ್ಲಿ ಕಿರುಬೆರಳಿನ ತುದಿ ಮಾತ್ರ ಮುಷ್ಟಿಯ ಪಕ್ಕದಲ್ಲಿ ಇಣುಕುತ್ತಿತ್ತು. ಅದನ್ನು ಬಿಟ್ಟುಬಿಡೋಣವೇ ಅನ್ನಿಸಿತು. ಯಾರಾದರೂ ಹಿಡಿಯಲಿ, ಹಿಡಿದು ಕೇಳಲಿ, ಆಗ ಎಲ್ಲ ಹೇಳಿದರಾಯಿತು. ಆದರೆ ಮೇಡಂ ಹಿಡಿದರೆ ಕೆಲಸ ಒರಟಾಗಿದೆ ಎನ್ನುತ್ತಾರೆ, ಪಕ್ಕದವನು ನೋಡುತ್ತಾನೆ. ಅವನು ಕಿರುಬೆರಳಿನ ಮೇಲೂ ಆಕಾಶ ಬಳಿದ. ಸಂಜೆ ಮೇಡಂ ಎರಡು ಸಲ ಓಡಿಸಿ ನೋಡಿ, ‘ಯಾರಾದ್ರೂ ಹೇಳ್ತಾರಾ ಇದು ಬೇರೆ ಕೈ ಅಂತ!’ ಎಂದು ಎಲ್ಲರನ್ನೂ ಕರೆದು ತೋರಿಸಿದರು. ಚಪ್ಪಾಳೆ ಬಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಮನಸ್ಸು ಉಬ್ಬಿತು. ಎರಡೂ ನಿಜ.

ಟ್ರೈಲರ್ ಬಂದ ದಿನ ಭಾನುವಾರ. ಅಮ್ಮ ತರಕಾರಿಗೆ ಹೋಗಿದ್ದಳು. ಅವನು ಹೆಂಡತಿಯ ತಲೆ ಬಾಚುತ್ತಿದ್ದ. ಹಿಂದಲೆಯ ಕೂದಲು ದಿಂಬಿಗೆ ಉಜ್ಜಿ ಗಂಟುಗಟ್ಟಿತ್ತು. ಟ್ರೈಲರ್ ಬಂದದ್ದು ಅವಳಿಗೆ ಗೊತ್ತಿತ್ತು, ಬೆಳಿಗ್ಗೆಯಿಂದ ಗೆಳತಿಯರ ಮೆಸೇಜುಗಳು ಬರುತ್ತಿದ್ದವು, ಓದಿ ಹೇಳಿದವನು ಅವನೇ. ‘ತೋರ್ಸು’ ಎಂದಳು. ಅವನು ಬಾಚಣಿಗೆ ಇಟ್ಟು ಫೋನನ್ನು ಅವಳ ಕಣ್ಣೆದುರು ಹಿಡಿದ. ಬೆಂಕಿ, ವಿಷ, ಅಲಗು, ಜನ ಓಡುತ್ತಾರೆ, ಮೂವರೂ ಗೋಪುರದ ತುದಿಯಲ್ಲಿ ನಿಲ್ಲುತ್ತಾರೆ. ಅವಳು ಉಸಿರು ಬಿಗಿಹಿಡಿದಳು. ಹಾರಿದರು, ಮೂರು ಮುಷ್ಟಿ. ನಟಿಯ ಮುಖ ಕೂಗಿತು, ಮೈ ಉರುಳಿತು.

‘ಮತ್ತೆ’ ಎಂದಳು.

ಮತ್ತೆ ತೋರಿಸಿದ.

‘ನಿಲ್ಸು. ಅಲ್ಲಿ. ಇಲ್ಲ, ಒಂಚೂರು ಹಿಂದೆ.’ ಅವಳು ಆ ಮುಷ್ಟಿಯನ್ನು ಬಹಳ ಹೊತ್ತು ನೋಡಿದಳು. ‘ಇದನ್ನ ನೀನು ಮುಟ್ಟಿದ್ಯಾ?’

ಆ ಕ್ಷಣಕ್ಕೆ ಎಲ್ಲವೂ ಅವನ ಬಾಯಿಯ ಹತ್ತಿರವೇ ಇತ್ತು. ಬಿಚ್ಚಿದ್ದೆ, ನೀನು ಬಿಚ್ಚಿದ್ದೆ, ನಾನೇ ಮುಚ್ಚಿದೆ. ಮೂರೇ ಮಾತು. ಆದರೆ ಮೂರನೆಯದನ್ನು ಹೇಳದೆ ಮೊದಲಿನ ಎರಡನ್ನು ಹೇಳುವ ದಾರಿ ಇರಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಾಳೆ, ಅಂದು ಶೆಡ್ಡಿನಲ್ಲಿ ನೋಡಿದ ಹಾಗೆ ಕೆಳಗಿನಿಂದಲೇ, ಆದರೆ ನಗುತ್ತಿಲ್ಲ, ಬೇಡುತ್ತಿದ್ದಾಳೆ. ತಾನು ಏನು ಹೇಳಿದರೂ ಅವಳು ನಂಬುತ್ತಾಳೆ. ಇಷ್ಟು ವರ್ಷದಲ್ಲಿ ಅವಳು ಹೀಗೆ ಅವನ ಮಾತಿಗೆ ಕಾದದ್ದಿಲ್ಲ. ಅದರ ರುಚಿ ಅವನಿಗೆ ಹತ್ತಿತು, ಅದನ್ನು ಸುಳ್ಳೆನ್ನುವ ಹಾಗಿಲ್ಲ.

‘ಮುಖ ಮಾಡಿದೀನಿ. ತಂತಿ ತೆಗ್ದಿದೀನಿ’ ಎಂದ. ‘ಕೈ ನಿಂದೇ.’

‘ಆಣೆ?’

‘ಆಣೆ. ನಿಂದೇ ಕೈ.’

ಅದು ಸುಳ್ಳಾಗಿರಲಿಲ್ಲವಲ್ಲ. ಅವನು ಬಾಚಣಿಗೆ ತೆಗೆದುಕೊಂಡು ಉಳಿದ ಗಂಟು ಬಿಡಿಸತೊಡಗಿದ. ಅವಳು ಅಳಲಿಲ್ಲ. ಮೊದಲು ಅವನು ಅಂದುಕೊಂಡದ್ದು, ಈಗ ಕೂಗುತ್ತಾಳೆ, ಫೋನನ್ನು ತೋಳಿನಿಂದ ತಳ್ಳುತ್ತಾಳೆ ಎಂದು. ಅವಳು ಛಾವಣಿ ನೋಡುತ್ತ, ಯಾರೋ ಬಹಳ ಹಿಂದೆ ಹೇಳಿದ ವಿಳಾಸ ನೆನಪಿಸಿಕೊಳ್ಳುವವಳಂತೆ ತುಟಿ ಅಲುಗಿಸುತ್ತಿದ್ದಳು. ‘ನಂಗೆ ಗಾಳಿ ತಾಗಿದ್ದು ನೆನಪಿದೆ’ ಎಂದಳು. ‘ಬೆರಳ ಸಂದೀಲಿ. ತಣ್ಣಗೆ ತಾಗ್ತು. ಅದನ್ನ ಆಮೇಲೆ ನಾನೇ ಹುಟ್ಟಿಸ್ಕೊಂಡೆ ಅನ್ಸತ್ತೆ, ಅಲ್ವಾ? ಬಿದ್ದೋರು ಹಂಗೆ ಮಾಡ್ತಾರಂತೆ. ನಮ್ಮಲ್ಲೇ ಒಬ್ಬಳು ಹಂಗೆ ಮಾಡಿದ್ಲು, ನಾವೆಲ್ಲ ಅವಳನ್ನ ಎಷ್ಟು ಆಡ್ಕೊಂಡ್ವಿ.’

‘ಇರ್ಬೋದು’ ಎಂದ ಅವನು.

‘ಹಾಗಾದ್ರೆ ತಪ್ಪು ನಂದೇ.’ ಈ ಮಾತನ್ನು ಅವಳು ತೂಕ ನೋಡುವವಳಂತೆ ಹೇಳಿದಳು. ಆಮೇಲೆ ಮುಖದಲ್ಲಿ ಏನೋ ಇಳಿದುಹೋಯಿತು. ಇಷ್ಟು ದಿನ ಎಲುಬು ಮುರಿದಿದ್ದರೂ ಆ ಮುಖ ಮುರಿದಿರಲಿಲ್ಲ. ಅವನಿಗೆ ಒಮ್ಮೆಲೇ ಭಯವಾಗಿ, ಅವಳನ್ನು ಬಾಚಿ ಎತ್ತಿಕೊಂಡು ಕಿವಿಯಲ್ಲಿ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೊರಗೆ ಅಮ್ಮ ಚಪ್ಪಲಿ ಬಿಡುವ ಸದ್ದಾಯಿತು. ಅಮ್ಮ ಬಾಗಿಲಲ್ಲಿ ಇಣುಕಿದಾಗ ಅವಳೇ ಹೇಳಿದಳು: ‘ಅತ್ತೆ, ನಾನು ಕೈ ಬಿಚ್ಚಿರ್ಲಿಲ್ಲ. ಈಗ ನೋಡ್ದೆ.’ ಅಮ್ಮ ‘ನಾನು ಅವತ್ತೇ ಹೇಳ್ಲಿಲ್ವಾ’ ಎಂದಳು. ಅಮ್ಮನ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ, ಕನಿಕರವಿತ್ತು. ಬಂದಾಗಿನಿಂದ ಮೊದಲ ಸಲ ಸೊಸೆಯ ಹಣೆ ಸವರಿ ಒಳಗೆ ಹೋದಳು. ಅವಳು ಸವರಿಸಿಕೊಂಡು ಸುಮ್ಮನೆ ಮಲಗಿದ್ದಳು.

‘ಮಾವನಿಗೆ ಫೋನ್ ಹಚ್ಚು’ ಎಂದಳು ಆಮೇಲೆ.

‘ನಾಳೆ ಮಾಡಿದ್ರಾಯ್ತು. ಈಗ ಮಲ್ಕೋ.’

‘ಇಲ್ಲ, ಈಗ್ಲೇ. ಪಾಪ, ನನ್ನಿಂದ ಕೈ ಕಟ್ಕೊಂಡು ಮನೇಲಿ ಕೂತಿದಾರೆ. ಆಸ್ಪತ್ರೇಲಿ ಅವ್ರ ಮುಖಾನೂ ನೋಡ್ಲಿಲ್ಲ ನಾನು.’

ಅವನು ಹಚ್ಚಿದ. ಫೋನನ್ನು ಅವಳ ಕಿವಿಗೆ ಹಿಡಿದು ಹಾಸಿಗೆಯ ಅಂಚಿನಲ್ಲಿ ಬಾಗಿ ಕೂತ. ಅಷ್ಟು ಹತ್ತಿರದಲ್ಲಿ ಅವನಿಗೂ ಎಲ್ಲ ಕೇಳುತ್ತಿತ್ತು: ಗಂಟೆ ಹೊಡೆದದ್ದು, ಎತ್ತಿದ್ದು, ಹಿಂದುಗಡೆ ಯಾರದೋ ಪಾತ್ರೆ ತೊಳೆಯುವ ಸದ್ದು, ಮಾವನ ಒಣ ಕೆಮ್ಮು. ‘ಮಾವ, ನಾನು’ ಎಂದಳು. ಆ ಕಡೆ ಪಾತ್ರೆಯ ಸದ್ದು ನಿಂತಿತು. ‘ನಾನು ಕೈ ಬಿಚ್ಚಿರ್ಲಿಲ್ಲ ಮಾವ. ಈಗ ನೋಡ್ದೆ. ಮುಷ್ಟಿ ಹಂಗೇ ಇತ್ತು. ಎಲ್ಲರ ಮುಂದೆ ನಿಮ್ಮನ್ನ ಸುಳ್ಳುಗಾರ ಅಂದ್ಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ.’  ಮಾವನ ಉಸಿರು ಮಾತ್ರ ಕೇಳುತ್ತಿತ್ತು. ಆ ಮೌನ ಎಷ್ಟು ಬೆಳೆಯಿತೆಂದರೆ, ಮುದುಕ ಈಗ ಬಾಯಿ ಬಿಡುತ್ತಾನೆ, ಇಲ್ಲ ಮಗಳೇ ನೀನು ಬಿಚ್ಚಿದ್ದೆ, ನಾನು ಆಚೆ ನೋಡುತ್ತಿದ್ದೆ ಎಂದುಬಿಡುತ್ತಾನೆ ಎಂದು ಅವನು ಹೆದರಿದ. ಹಾಗೆ ಹೇಳಲಿ ಎಂದೂ ಆಸೆಪಟ್ಟ. ಹೇಳಿದರೆ ತಾನು ಹೇಳುವುದು ತಪ್ಪುತ್ತದೆ.

ಅವಳು ಗಂಟಲು ಸರಿ ಮಾಡಿಕೊಂಡು, ಅವರಲ್ಲಿ ಹೇಳಬೇಕಾದ ರೀತಿಯಲ್ಲೇ, ಸ್ಪಷ್ಟವಾಗಿ ಹೇಳಿದಳು: ‘ಹಗ್ಗ ಹಿಡಿ, ಮಾವ.’

‘ಆಯ್ತಮ್ಮ’ ಎಂದ ಮಾವ. ದನಿ ಒಡೆದಿತ್ತು. ಮೂಗು ಸೀಟಿದ. ‘ಆಯ್ತು. ನೀನು ದೊಡ್ಡವಳು. ನಿಮ್ಮ ಯಜಮಾನ್ರು ಅಲ್ಲೇ ಇದಾರಾ? ಒಂದ್ನಿಮಿಷ ಕೊಡು.’

ಅವನು ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡ. ಫೋನು ಅವಳ ಕೆನ್ನೆಯಿಂದ ಬೆಚ್ಚಗಿತ್ತು. ಮಾವನ ದನಿಯಲ್ಲಿ ಈಗ ಅಳು ಇರಲಿಲ್ಲ.

‘ಟ್ರೈಲರ್ ನಾನೂ ನೋಡ್ದೆ’ ಎಂದ. ‘ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ದೆ. ಕೈ ಒಂಚೂರೂ ಗೊತ್ತಾಗಲ್ಲ. ಭಾಳ ಒಳ್ಳೇ ಕೆಲ್ಸ.’ ಆಮೇಲೆ ದನಿ ತಗ್ಗಿಸಿ, ‘ಉಪಕಾರ ಮರೆಯೋದಿಲ್ಲ ಅಳಿಯಂದ್ರೇ’ ಎಂದು ಇಟ್ಟುಬಿಟ್ಟ.

‘ಏನಂದ್ರು?’ ಎಂದು ಅವಳು ಕೇಳಿದಳು.

‘ಕೆಲ್ಸ ಚೆನ್ನಾಗಿದೆ ಅಂದ್ರು.’

‘ಮಾವ ಅಂದ್ರಾ? ನಿಂಗಾ?’ ಬಿದ್ದಂದಿನಿಂದ ಅವಳು ಹಾಗೆ ಕಣ್ಣರಳಿಸಿ ಅವನನ್ನು ನೋಡಿರಲಿಲ್ಲ. ‘ಅವ್ರು ಸುಮ್ಸುಮ್ನೆ ಯಾರನ್ನೂ ಹೊಗಳೋರಲ್ಲ ಕಣೋ. ನಾನು ಅಷ್ಟು ವರ್ಷ ಜಿಗಿದಿದೀನಿ, ನಂಗೆ ಒಂದಿನಾನೂ ಅಂದಿಲ್ಲ.’ ಅವನ ಬಗ್ಗೆ ಅವಳಿಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ತಲೆಯನ್ನು ಪಟ್ಟಿ ಬಿಟ್ಟಷ್ಟು ಅವನ ಕಡೆ ಹೊರಳಿಸಿದಳು. ‘ಇನ್ನೊಂದ್ಸಲ ತೋರ್ಸು. ನಾನೆಲ್ಲಿ ತಪ್ಪಿದೆ ಅಂತ ನೋಡ್ಕೋತೀನಿ.’

ಅವನು ಫೋನನ್ನು ಅವಳ ಕಣ್ಣೆದುರು ಹಿಡಿದ. ಅಲ್ಲಿ ನಿಲ್ಲಿಸು, ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಎಂದು ಅವಳು ಹೇಳುತ್ತಿದ್ದಳು, ಅವಳು ಹೇಳಿದ ಕಡೆಯೆಲ್ಲ ಅವನು ನಿಲ್ಲಿಸುತ್ತಿದ್ದ.